ಸುಂಕಪ್ಪನ ಮನೆಯ ಗಂಗಾಳಗಳು

ಬೆಂಗಳೂರು
೧೨ ಜೂನ್ ೧೯೭೮

ಅಕ್ಕನಿಗೆ ಮರಿಬಸಪ್ಪನ ಶರಣು.

ನಾನು ಕಾಗದ ಬರೆಯುವುದನ್ನೇ ಮರೆತೆನೆಂದು ನೀನು ಅವ್ವನ ಮುಂದೆ ಚಾಡಿ ಹೇಳಿದ್ದು ಕುರುಗೋಡಿನಿಂದ ಇಲ್ಲಿಯವರೆಗೂ ಮುಟ್ಟಿದೆ. ತಪ್ಪು ಒಪ್ಪಿಕೊಂಡೆ. ಈಗ ಬರೆಯುತ್ತಿರುವುದೂ ಕೆಲಸ ಬಿದ್ದದ್ದಕ್ಕೇ, ಅದನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಸಂಶೋಧನಾ ಸಂಸ್ಥೆಗೆ ದೊಡ್ಡ ಕೆಲಸವೊಂದು ಬಂದಿದೆ. ಇಡೀ ರಾಜ್ಯದಲ್ಲಿ ನೀರು, ರಸ್ತೆ, ಕರೆಂಟು ಬಂದ ಊರುಗಳಲ್ಲಿ ಜನರ ಬದುಕು ನಿಜಕ್ಕೂ ಸುಧಾರಿಸಿದೆಯೇ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ಮನೆಮನೆಗೆ ಹೋಗಿ ಕೇಳಬೇಕು. ಬಳ್ಳಾರಿ ಜಿಲ್ಲೆ ನನ್ನ ಪಾಲಿಗೆ ಬಂದಿದೆ. ಕಾಲುವೆ ನೀರಿನ ಊರುಗಳೆಂದು ಸಿರುಗುಪ್ಪ ತಾಲ್ಲೂಕಿನಲ್ಲಿ ಕೆಲವನ್ನು, ಮಳೆಯನ್ನೇ ನಂಬಿದ ಊರುಗಳೆಂದು ನಮ್ಮ ಕುರುಗೋಡಿನ ಗುಡ್ಡದ ಕಡೆ ಕೆಲವನ್ನು ಆರಿಸಿದ್ದೇನೆ. ದೇಶನೂರಿನಲ್ಲಿ ನೀನೇ ಟೀಚರ್ ಆಗಿರುವಾಗ ಬೇರೆಯವರನ್ನು ಯಾಕೆ ಹುಡುಕಲಿ? ಫಾರಂಗಳ ಕಟ್ಟು ಅಂಚೆಯಲ್ಲಿ ಬರುತ್ತದೆ.

ಒಂದೇ ಮಾತು ಅಕ್ಕ. ಮನೆಯವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆ. ನಡುವೆ ನಿನ್ನ ಟೀಚರ್‌ಗಿರಿ ತೋರಿಸಿ ತಿದ್ದಲು ಹೋಗಬೇಡ. ನಿನ್ನ ಕೆಂಪು ಮಸಿಯ ಪೆನ್ನನ್ನು ಶಾಲೆಯಲ್ಲೇ ಬಿಟ್ಟು ಹೋಗು. ಈ ವರದಿ ಸರ್ಕಾರಕ್ಕೆ ಹೋಗುತ್ತದೆ. ಹೆಣ್ಣುಮಕ್ಕಳ ಹಾಸ್ಟೆಲ್‌ಗಳನ್ನು ಯಾವ ತಾಲ್ಲೂಕಿಗೆ ಕೊಡಬೇಕೆಂದು ಇದನ್ನು ನೋಡಿಯೇ ತೀರ್ಮಾನ ಮಾಡುತ್ತಾರೆ.

ನಿನ್ನ ತಮ್ಮ
ಮರಿಬಸಪ್ಪ


ದೇಶನೂರು
೯ ಜುಲೈ ೧೯೭೮

ತಮ್ಮ ಮರಿಬಸಪ್ಪನಿಗೆ ಕೊಟ್ರಬಸಮ್ಮನ ಆಶೀರ್ವಾದ.

ನಿನ್ನ ಫಾರಂ ಬರೆದವರು ಯಾರೋ, ಹಳ್ಳಿಯ ಹೊಸ್ತಿಲು ದಾಟಿದವರಂತೆ ಕಾಣುವುದಿಲ್ಲ. "ಬಿಡುವಿನ ವೇಳೆಯನ್ನು ಹೇಗೆ ಕಳೆಯುತ್ತೀರಿ" ಎಂದು ಕೇಳಿದರೆ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ಕಾಲುವೆಗೆ ನೀರು ಬಿಡುವ ಕಾಲ ಬಂತು, ಊರಿಗೆ ಊರೇ ಗದ್ದೆಯ ಮೇಲೆ ನಿಂತಿದೆ. ಆದರೂ ಒಂದು ಮನೆಯನ್ನೂ ಬಿಟ್ಟಿಲ್ಲ. ನೀನು ಹೇಳಿದಂತೆ, ಅವರ ಬಾಯಿಂದ ಬಂದದ್ದನ್ನೇ ಬರೆದಿದ್ದೇನೆ.

ಹಾಸ್ಟೆಲ್ ಎಂದು ಬರೆದಿದ್ದೆಯಲ್ಲ, ಆ ಒಂದು ಪದಕ್ಕಾಗಿ ಮಧ್ಯಾಹ್ನದ ಬಿಸಿಲಲ್ಲೂ ತಿರುಗಿದೆ. ನಮ್ಮಲ್ಲಿ ಏಳನೆಯ ತರಗತಿ ಮುಗಿದರೆ ಹೆಣ್ಣುಮಕ್ಕಳ ಓದು ಮುಗಿಯಿತು. ಮುಂದಿನದು ಸಿರುಗುಪ್ಪದಲ್ಲಿ. ಈ ವರ್ಷ ಏಳರಲ್ಲಿ ಊರಮ್ಮ ಎಂಬ ಹುಡುಗಿ ಇದ್ದಾಳೆ, ನಾಲ್ಕೆಕರೆ ಗದ್ದೆಯ ಸುಂಕಪ್ಪನ ಮಗಳು. ಜಗಳಗಂಟಿ. ಗಂಡುಹುಡುಗರ ಸ್ಲೇಟು ಕಸಿದುಕೊಂಡು ಅವರ ಲೆಕ್ಕ ತಿದ್ದಿ ವಾಪಸ್ ಎಸೆಯುತ್ತಾಳೆ. ಮೊನ್ನೆ ಭೂಗೋಳ ಹೇಳುವಾಗ ಎದ್ದು ನಿಂತು, "ಡ್ಯಾಮಿನ್ಯಾಗ ಇವತ್ತು ಬಿಟ್ಟ ನೀರು ನಮ್ಮ ಗದ್ದಿಗೆ ಯಾವತ್ತು ಮುಟ್ಟತೈತ್ರಿ?" ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಬಿಡುವವಳಲ್ಲ, ಕಾಲುವೆಯ ತೂಬು ತೆರೆಯುವ ಲಸ್ಕರನನ್ನೇ ಹಿಡಿದು ಕೇಳಿಕೊಂಡು ಬಂದಳು.

ಅವಳ ಅಪ್ಪನಿಗೆ ಮುಂದೆ ಓದಿಸು ಎಂದೆ. ಅವನು ಕೆಟ್ಟವನಲ್ಲ. "ಹಾಸ್ಟೆಲ್ ಆದ್ರ ಕಳಸ್ತೀನ್ರಿ ಟೀಚರಮ್ಮ. ದಿನಾ ಕಾಲುವಿ ದಂಡಿ ಮ್ಯಾಲ ಹೆಣಮಗಳನ್ನ ಅಡ್ಡಾಡಸಾಕ ನನ್ನ ಕೈಲಿ ಆಗಂಗಿಲ್ಲ" ಎಂದ. ಆ ಮಾತನ್ನು ನಾನು ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದೇನೆ. ಸಿರುಗುಪ್ಪಕ್ಕೆ ಹಾಸ್ಟೆಲ್ ತರಿಸುವುದು ಈಗ ನಿನ್ನ ಕೈಯಲ್ಲಿದೆ.

ಕೊಟ್ರಬಸಮ್ಮ


ಬೆಂಗಳೂರು
೨೦ ನವೆಂಬರ್ ೧೯೭೮

ಅಕ್ಕ,

ಈ ಕಾಗದವನ್ನು ಕೂತು ಬರೆಯಲಾಗುತ್ತಿಲ್ಲ, ಅಷ್ಟು ಖುಷಿಯಾಗಿದ್ದೇನೆ. ನಿಮ್ಮ ದೇಶನೂರು ಇಲ್ಲಿ ಮನೆಮಾತಾಗಿದೆ. ನೀನು ಬರೆದು ಕಳಿಸಿದ ಮನೆಗಳಲ್ಲಿ ಶಾಲೆಯ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶಾಲೆಗೆ ಹೋಗದವರು ಇಲ್ಲವೆನ್ನುವಷ್ಟು ಕಡಿಮೆ. ಸಿರುಗುಪ್ಪದ ಉಳಿದ ಕಾಲುವೆ ಊರುಗಳಲ್ಲೂ ಇದೇ ಕಥೆ. ಗುಡ್ಡದ ಕಡೆಯ ನಮ್ಮ ಊರುಗಳಲ್ಲಿ ಅರ್ಧದಷ್ಟು ಹುಡುಗಿಯರು ಮನೆಯಲ್ಲೇ ಇದ್ದಾರೆ.

ಅಂದರೆ ಏನಾಯಿತು? ಕಾಲುವೆ ನೀರು ಹರಿದಲ್ಲಿ ಅಕ್ಷರವೂ ಹರಿದಿದೆ! ಕೈಯಲ್ಲಿ ನಾಲ್ಕು ಕಾಸು ಆಡಿದರೆ ಜನ ಮೊದಲು ಮಗಳನ್ನು ಶಾಲೆಗೆ ಕಳಿಸುತ್ತಾರೆ. ಇದರ ಮೇಲೇ ಒಂದು ಅಧ್ಯಾಯ ಬರೆದಿದ್ದೇನೆ. ನಮ್ಮ ನಿರ್ದೇಶಕರು ಎಲ್ಲರೆದುರು ಎದ್ದು ನಿಂತು ಮೆಚ್ಚಿದರು. ನನ್ನ ಕೆಲಸ ಬರುವ ಜುಲೈನಲ್ಲಿ ಕಾಯಂ ಆಗುವುದು ಹೆಚ್ಚುಕಡಿಮೆ ಗ್ಯಾರಂಟಿ. ಅವ್ವನಿಗೆ ಹೇಳು, ಆದರೆ ಊರಿಗೆಲ್ಲ ಡಂಗುರ ಹೊಡೆಯಬೇಡ ಎಂದೂ ಹೇಳು.

ಮುನ್ನುಡಿಯಲ್ಲಿ ನಿನ್ನ ಹೆಸರು ಹಾಕಿದ್ದೇನೆ.

ಮರಿಬಸಪ್ಪ


ದೇಶನೂರು
೫ ಡಿಸೆಂಬರ್ ೧೯೭೮

ಮರಿಬಸಪ್ಪನಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ನಂಬಿಕೆ ಬರಲಿಲ್ಲ. ನನ್ನ ಏಳನೆಯ ತರಗತಿಯಲ್ಲಿ ಹುಡುಗಿಯರು ಮೂರೇ ಜನ. ಆದರೆ ಇಷ್ಟು ಜಿಲ್ಲೆಗಳ ಲೆಕ್ಕ ಕೂಡಿಸಿ ಕಳೆದವರಿಗೆ ಗೊತ್ತಾಗದ್ದು ನನಗೇನು ಗೊತ್ತು ಎಂದು ಸುಮ್ಮನಾದೆ. ಎರಡನೆಯ ಸಲ ಓದಿದಾಗ ಹೆಮ್ಮೆಯಾಯಿತು.

ಒಳ್ಳೆಯ ಅಂಕ ತೆಗೆದವರಿಗೆ ಬಹುಮಾನ ಕೊಡುವುದು ನನ್ನ ಶಾಲೆಯಲ್ಲೂ ಇದೆ, ಸರ್ಕಾರದಲ್ಲೂ ಇರುತ್ತದೆ. ಇಷ್ಟು ಹೆಸರು ಬಂದ ಮೇಲೆ ಮೊದಲ ಹಾಸ್ಟೆಲ್ ಸಿರುಗುಪ್ಪಕ್ಕಲ್ಲದೆ ಇನ್ನೆಲ್ಲಿಗೆ? ಅವತ್ತೇ ಸಂಜೆ ಸುಂಕಪ್ಪನ ಮನೆಗೆ ಹೋಗಿ ಹೇಳಿಬಂದೆ. ಊರಮ್ಮನಿಗೆ ಗಡಿಯಾಚೆ ಆದೋನಿ ಕಡೆಯ ಒಂದು ಊರಿನಿಂದ ಹೋದ ವರ್ಷವೇ ವೀಳ್ಯ ಆಗಿ ಮದುವೆಯ ಮಾತು ಕೊಟ್ಟಾಗಿದೆ, ಹುಡುಗನ ಕಡೆಯವರು ಅವಸರ ಮಾಡುತ್ತಿದ್ದಾರೆ. ನನ್ನ ಮಾತಿನ ಮೇಲೆ ಸುಂಕಪ್ಪ ಅವರಿಗೆ ಹೇಳಿ ಕಳಿಸಿದ್ದಾನೆ: ಹುಡುಗಿ ಹತ್ತನೆಯ ತರಗತಿ ಮುಗಿಸಲಿ, ಅಲ್ಲಿಯತನಕ ತಡೆಯಿರಿ. ಬೀಗರ ಮುಂದೆ ಅಂಥ ಮಾತಾಡಲು ಅವನಿಗೆ ಎಷ್ಟು ಧೈರ್ಯ ಬೇಕಾಯಿತೋ.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನೀನು ನಗಬೇಡ. ಊರಮ್ಮ ಆಗಲೇ ಅವಳವ್ವನ ಹಳೆಯ ಟ್ರಂಕು ಕೇಳಿ ಇಟ್ಟುಕೊಂಡಿದ್ದಾಳೆ. ಪಟ್ಟಿ ಯಾವಾಗ ಹೊರಬೀಳುತ್ತದೆ ಬರೆ.

ಕೊಟ್ರಬಸಮ್ಮ


ಬೆಂಗಳೂರು
೨೮ ಫೆಬ್ರವರಿ ೧೯೭೯

ಅಕ್ಕ,

ಉತ್ತರ ತಡವಾಯಿತು. ವರದಿ ಅಚ್ಚಿಗೆ ಹೋಗುವ ಗಡಿಬಿಡಿ. ಅವ್ವನ ಮೊಣಕಾಲು ನೋವಿಗೆ ಕೌಲ್ ಬಜಾರಿನ ಹಕೀಮರ ಎಣ್ಣೆ ಹಿಡಿಸಿತೇ? ಇಲ್ಲಿ ಚಳಿ ಇನ್ನೂ ಹೋಗಿಲ್ಲ. ಹಾಸ್ಟೆಲ್ ವಿಷಯ ಸರ್ಕಾರಕ್ಕೆ ಸೇರಿದ್ದು, ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಆ ಹುಡುಗಿಯ ಮನೆಯವರಿಗೆ ಬಹಳ ಆಸೆ ಹಚ್ಚಬೇಡ.

ಮರಿಬಸಪ್ಪ


ದೇಶನೂರು
೩೦ ಏಪ್ರಿಲ್ ೧೯೭೯

ಮರಿಬಸಪ್ಪ,

ಶಾಲೆಯ ಸಾಮಾನು ತರಲು ಬಳ್ಳಾರಿಗೆ ಹೋಗಿದ್ದೆ. ಬ್ರೂಸ್‌ಪೇಟೆಯ ಅಂಗಡಿಯವನು ಸೀಮೆಸುಣ್ಣದ ಡಬ್ಬಿ ಸುತ್ತಿಕೊಟ್ಟ ಪೇಪರಿನಲ್ಲೇ ನಿಮ್ಮ ಪಟ್ಟಿ ಇತ್ತು. ಹೆಣ್ಣುಮಕ್ಕಳು ಶಾಲೆ ಬಿಡುವುದು ಹೆಚ್ಚಿರುವ ತಾಲ್ಲೂಕುಗಳಿಗೆ ಹಾಸ್ಟೆಲ್. ಸಿರುಗುಪ್ಪ ಇಲ್ಲ. ಒಳ್ಳೆಯ ಅಂಕ ತೆಗೆದವರಿಗೆ ಏನೂ ಇಲ್ಲ ಎಂದು ನಾನು ಬ್ರೂಸ್‌ಪೇಟೆಯ ಬೀದಿಯಲ್ಲಿ ನಿಂತು ತಿಳಿದುಕೊಳ್ಳಬೇಕಾಯಿತು. ನಿನಗೆ ಫೆಬ್ರವರಿಯಲ್ಲೇ ಗೊತ್ತಿತ್ತು. ಅವ್ವನ ಮೊಣಕಾಲು ವಿಚಾರಿಸಿದೆಯಲ್ಲ, ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆದರೆ ಈ ಕಾಗದ ಅದಕ್ಕಲ್ಲ. ಊರಿಗೆ ಬಂದ ಮೇಲೆ ಬೆಳಿಗ್ಗೆ ನೀರಿನ ಕಟ್ಟೆಯ ಹತ್ತಿರ ನಿಂತು ನೋಡಿದೆ. ಹತ್ತು, ಹನ್ನೆರಡು, ಹದಿಮೂರು ವಯಸ್ಸಿನ ಹುಡುಗಿಯರು ಕೊಡ ಹಿಡಿದು ಸಾಲುಗಟ್ಟಿದ್ದರು. ಅವರಲ್ಲಿ ನನ್ನ ಶಾಲೆಯವರು ಕೆಲವರೇ. ಉಳಿದವರು ನಿನ್ನ ಫಾರಂನಲ್ಲಿ ಎಲ್ಲಿ ಹೋದರು? ನೇರ ಸುಂಕಪ್ಪನ ಮನೆಗೆ ಹೋಗಿ ಅವನ ಹೆಂಡತಿ ದೊಡ್ಡಬಸಮ್ಮನನ್ನು ಕೇಳಿದೆ: ಹೋದ ವರ್ಷ ನಾನು ಮಕ್ಕಳೆಷ್ಟು ಎಂದಾಗ ಗಂಡು ಎರಡು ಎಂದಷ್ಟೇ ಹೇಳಿದಿರಿ, ಊರಮ್ಮನನ್ನು ಯಾಕೆ ಹೇಳಲಿಲ್ಲ? ಅವಳು ನನ್ನನ್ನೇ ದಡ್ಡಿಯನ್ನು ನೋಡಿದ ಹಾಗೆ ನೋಡಿದಳು.

"ವೀಳ್ಯ ಆಗೇತಲ್ರಿ ಟೀಚರಮ್ಮ. ಅಕಿ ಈಗ ನಮ್ಮ ಲೆಕ್ಕಕ್ಕ ಬರಂಗಿಲ್ಲ. ನಮ್ಮಾಕಿ ಅಂದ್ರ ಕೊಟ್ಟ ಮಾತು ತಿರುಗಿ ತಗೊಂಡಂಗ ಆಗತೈತಿ."

ಹುಡುಗನ ಮನೆಯವರೂ ಅವಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವಳಿನ್ನೂ ಅವರ ಹೊಸ್ತಿಲು ತುಳಿದಿಲ್ಲವಲ್ಲ. ಮನೆಮನೆಯಲ್ಲೂ ಹೀಗೆಯೇ. ಕಾಲುವೆ ಬಂದ ಮೇಲೆ ನಾಟಿಯ ಕೈಗಳಿಗೆ ಬೇಡಿಕೆ. ಚುರುಕಾಗಿ ಸಸಿ ಹಚ್ಚುವ ಹುಡುಗಿಯನ್ನು ಒಂಬತ್ತು ಹತ್ತು ವರ್ಷಕ್ಕೇ ಬಂದು ಕೇಳುತ್ತಾರೆ, ವೀಳ್ಯ ಮಾಡಿಟ್ಟುಕೊಳ್ಳುತ್ತಾರೆ. ಊರಮ್ಮನಂಥ ಒಬ್ಬಿಬ್ಬರನ್ನು ಬಿಟ್ಟರೆ ವೀಳ್ಯವಾದವಳು ಶಾಲೆ ಬಿಡುತ್ತಾಳೆ, ನಿನ್ನ ಫಾರಂನಿಂದಲೂ ಬಿಟ್ಟುಹೋಗುತ್ತಾಳೆ. ಉಳಿದವರು ಶಾಲೆಗೆ ಬರುವವರು ಮಾತ್ರ. ಗುಡ್ಡದ ಕಡೆ ಹೆಣ್ಣನ್ನು ಅಷ್ಟು ಬೇಗ ಕೇಳುವವರಿಲ್ಲ, ಅದಕ್ಕೇ ಅಲ್ಲಿ ಎಲ್ಲರೂ ಲೆಕ್ಕಕ್ಕೆ ಸಿಕ್ಕರು. ನಿನ್ನ ಅಧ್ಯಾಯ ತಲೆಕೆಳಗಾಗಿದೆ ತಮ್ಮಾ. ನೀರು ಹರಿದಲ್ಲಿ ಅಕ್ಷರ ಬತ್ತಿದೆ.

ಹೋದ ವರ್ಷ ನಾನು ಆ ಮನೆಯ ಕಟ್ಟೆಯ ಮೇಲೆ ಕೂತು "ಹೆಣ್ಣು: ಇಲ್ಲ" ಎಂದು ಬರೆಯುವಾಗ ನನಗೆ ಚೊಂಬಿನಲ್ಲಿ ನೀರು ತಂದುಕೊಟ್ಟವಳು ಊರಮ್ಮನೇ. ನೀರು ಕುಡಿದು, ಚೊಂಬು ವಾಪಸ್ ಕೊಟ್ಟು, ಇಲ್ಲ ಎಂದು ಬರೆದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬುದು ನನಗೆ ತಪ್ಪು ಎನಿಸಲೇ ಇಲ್ಲ. ಡಿಸೆಂಬರಿನಲ್ಲಿ ಅವಳ ವೀಳ್ಯದ ಸುದ್ದಿ ಬರೆದಾಗ ನಿನಗೂ ಏನೂ ಹೊಳೆಯಲಿಲ್ಲ. ಹೇಗೆ ಹೊಳೆಯಬೇಕು? ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರು.

ಭಾನುವಾರ ಕುರುಗೋಡಿಗೆ ಹೋಗಿ ಅವ್ವನನ್ನು ಕೇಳಿದೆ. ನನಗೆ ಹತ್ತು ವರ್ಷಕ್ಕೇ ವೀಳ್ಯ ಮಾಡಿದಿರಲ್ಲ, ಆಗ ಯಾರಾದರೂ ಮಕ್ಕಳೆಷ್ಟು ಎಂದರೆ ಏನು ಹೇಳುತ್ತಿದ್ದೆ? ಅವ್ವ ಮೊರದಿಂದ ಕಣ್ಣೆತ್ತದೆ, "ಮರಿ ಒಬ್ಬನ ಅಂತಿದ್ದೆ. ಮತ್ತೇನನ್ನಬೇಕಿತ್ತು?" ಎಂದಳು. ನನಗೆ ಗೊತ್ತು ಮಾಡಿದ್ದ ಹುಡುಗ ಸಿಡುಬಿನಿಂದ ಸತ್ತ ಮೇಲೆ ನಾನು ಮತ್ತೆ ಅವ್ವನ ಲೆಕ್ಕಕ್ಕೆ ಬಂದೆ, ಶಾಲೆಗೂ ಬಂದೆ. ನಾನು ಟೀಚರ್ ಆದದ್ದು ಯಾರ ಪುಣ್ಯದಿಂದಲೂ ಅಲ್ಲ. ಒಬ್ಬ ಹುಡುಗನ ಸಾವಿನಿಂದ. ಇದನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ.

ಲೆಕ್ಕ ತಪ್ಪಾಗಿದೆ ಎಂದು ಸರ್ಕಾರಕ್ಕೆ ಬರೆ. ಊರಮ್ಮನಿಗೆ ಇನ್ನೂ ಸಮಯವಿದೆ.

ಕೊಟ್ರಬಸಮ್ಮ


ಬೆಂಗಳೂರು
೧೮ ಮೇ ೧೯೭೯

ಅಕ್ಕನಿಗೆ ಶರಣು.

ನಿನ್ನ ಕಾಗದ ಓದಿ ನಾಲ್ಕು ದಿನ ನಿದ್ದೆ ಬರಲಿಲ್ಲ. ಆದರೆ ಹೇಳಲೇಬೇಕಾದ ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ಪುಸ್ತಕ ಅಚ್ಚಾಗಿ ಬಂದಿದೆ. ಈ ಒಂದು ಅಧ್ಯಾಯ ತಪ್ಪು ಎಂದರೆ ಉಳಿದ ಜಿಲ್ಲೆಗಳ ಲೆಕ್ಕವನ್ನೂ ಯಾರೂ ನಂಬುವುದಿಲ್ಲ. ನಿರ್ದೇಶಕರ ಹತ್ತಿರ ಸೂಕ್ಷ್ಮವಾಗಿ ಮಾತೆತ್ತಿದೆ. ಎರಡನೆಯ ಮುದ್ರಣದಲ್ಲಿ ಪುಟದ ಕೆಳಗೆ ಒಂದು ಟಿಪ್ಪಣಿ ಹಾಕೋಣ, ಮುಂದಿನ ಸಮೀಕ್ಷೆಯಲ್ಲಿ ಸರಿಪಡಿಸೋಣ ಎಂದರು. ಜುಲೈನಲ್ಲಿ ನನ್ನ ಕೆಲಸದ ತೀರ್ಮಾನ ಅವರದೇ.

ಇನ್ನೊಂದು ಮಾತು. ಹುಡುಗಿ ಕಣ್ಣೆದುರೇ ನಿಂತಿದ್ದಾಗ ನೀನಾದರೂ ಯಾಕೆ ಬರೆಯಲಿಲ್ಲ? ತಪ್ಪೆಲ್ಲ ಬೆಂಗಳೂರಿನದು ಎಂಬಂತೆ ಬರೆದಿದ್ದೀಯ.

ಮರಿಬಸಪ್ಪ


ದೇಶನೂರು
೧೫ ಜೂನ್ ೧೯೭೯

ಮರಿಬಸಪ್ಪ,

ತಪ್ಪೆಲ್ಲ ಬೆಂಗಳೂರಿನದು ಎಂದು ನಾನು ಬರೆದಿಲ್ಲ, ಇನ್ನೊಮ್ಮೆ ಓದು. ಹೇಳಿದ್ದನ್ನೇ ಬರೆ ಎಂದವನು ನೀನು, ಹೇಳಿದ್ದನ್ನೇ ಬರೆದವಳು ನಾನು. ಅದನ್ನು ಆಮೇಲೆ ಜಗಳ ಮಾಡಿ ಹಂಚಿಕೊಳ್ಳೋಣ.

ಹಾಸ್ಟೆಲ್ ಇಲ್ಲ ಎಂದು ಆದೋನಿಯವರಿಗೆ ಗೊತ್ತಾಗಿದೆ. ಶ್ರಾವಣದ ಮೊದಲ ಸೋಮವಾರ ಅಕ್ಷತೆ, ಅವರ ಗದ್ದೆಯ ನಾಟಿಗೆ ಸೊಸೆ ಬೇಕು. ಕಾನೂನಿನ ಮಾತೆತ್ತಿದೆ. ಸುಂಕಪ್ಪ ನನ್ನ ಮುಖ ನೋಡದೆ, "ಮದುವಿ ಗಡಿಯಾಚಿ ಮಾಡ್ತೀವ್ರಿ" ಎಂದ. ಹಾಸ್ಟೆಲ್ ಬರುತ್ತದೆಂದು ಹೇಳಿ ಅವನನ್ನು ಬೀಗರ ಮುಂದೆ ತಲೆತಗ್ಗಿಸುವಂತೆ ಮಾಡಿದವಳು ನಾನು. ಈಗ ಯಾವ ಬಾಯಿಂದ ತಡೆಯಲಿ?

ಊರೆಲ್ಲ ಇನ್ನೊಮ್ಮೆ ತಿರುಗಿದ್ದೇನೆ. ಮಕ್ಕಳೆಷ್ಟು ಎಂದು ಗಂಡಸರನ್ನು ಕೇಳಲಿಲ್ಲ. ನಿನ್ನೆ ರಾತ್ರಿ ಊಟಕ್ಕೆ ಎಷ್ಟು ಗಂಗಾಳ ಇಟ್ಟಿರಿ ಎಂದು ಹೆಂಗಸರನ್ನು ಕೇಳಿದೆ. ಉಂಡವರನ್ನು ಇಲ್ಲ ಎನ್ನಲು ಯಾವ ತಾಯಿಗೂ ಬಾಯಿ ಬರುವುದಿಲ್ಲ. ಎಲ್ಲ ಹುಡುಗಿಯರೂ ಹೊರಗೆ ಬಂದರು. ಸುಂಕಪ್ಪನ ಮನೆಯಲ್ಲಿ ಐದು: ಗಂಡ, ಹೆಂಡತಿ, ಇಬ್ಬರು ಗಂಡುಮಕ್ಕಳು, ಊರಮ್ಮ. ಎಲ್ಲವನ್ನೂ ಬರೆದು ಇದರ ಜೊತೆ ಕಳಿಸಿದ್ದೇನೆ. ಇದನ್ನು ಪುಟದ ಕೆಳಗೆ ಹೇಗೆ ಹಿಡಿಸುತ್ತೀಯೋ ನೋಡು.

ಕೊಟ್ರಬಸಮ್ಮ


ಬೆಂಗಳೂರು
೨೭ ಜುಲೈ ೧೯೭೯

ಅಕ್ಕ,

ನಿನ್ನ ಕಟ್ಟನ್ನು ಬಿಚ್ಚದೆ ಬಹಳ ದಿನ ಮೇಜಿನ ಕೆಳಗೆ ಇಟ್ಟಿದ್ದೆ. ಬಿಚ್ಚಿದರೆ ಏನಾಗುತ್ತದೆಂದು ಗೊತ್ತಿತ್ತು. ಬಿಚ್ಚಿದೆ, ಹಾಗೆಯೇ ಆಯಿತು. ಗಂಗಾಳ ಎಂದು ನೀನು ಬರೆದದ್ದನ್ನು ಓದಿದ್ದೇ ತಡ, ನಮ್ಮ ಮನೆಯವು ನೆನಪಾದವು. ಅಂಚು ಸೀಳಿದ ಹಿತ್ತಾಳೆಯದು ನಿನ್ನದು. ನೀನು ಅದರಲ್ಲಿ ನನ್ನ ಪಕ್ಕವೇ ಕೂತು ಉಣ್ಣುತ್ತಿದ್ದಾಗಲೂ ಅವ್ವ ಮರಿ ಒಬ್ಬನೇ ಎನ್ನುತ್ತಿದ್ದಳು. ಮನೆಗೆ ನಾನೊಬ್ಬನೇ ಮಗ ಎಂದು ನಾನೂ ಓಣಿಯಲ್ಲಿ ಜಂಬ ಕೊಚ್ಚುತ್ತಿದ್ದೆ.

ಹೋದ ವಾರ ಆ ಅಧ್ಯಾಯ ತಪ್ಪು ಎಂದು ಬರೆದು ನಿರ್ದೇಶಕರ ಕೈಗೆ ಕೊಟ್ಟೆ, ಒಂದು ಪ್ರತಿಯನ್ನು ಸರ್ಕಾರಕ್ಕೂ ಕಳಿಸಿದೆ. ನಿರ್ದೇಶಕರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಕೆಲಸ ಕಾಯಂ ಆಗಲಿಲ್ಲ. ಇನ್ನೊಂದು ವರ್ಷ ನೋಡೋಣ ಎಂದಿದ್ದಾರೆ, ಇರಲಿ. ಮುಖ್ಯವಾದದ್ದು ಇದು: ಕಾಲುವೆ ಊರುಗಳಲ್ಲಿ ಮತ್ತೆ ಎಣಿಸಲು ಅಪ್ಪಣೆಯಾಗಿದೆ. ಹೊಸ ಫಾರಂನಲ್ಲಿ ನಿನ್ನ ಪ್ರಶ್ನೆಯೇ ಮೊದಲನೆಯದು. ಎಣಿಕೆಯಲ್ಲಿ ಹುಡುಗಿಯರು ಕಂಡುಬಂದರೆ ಸಿರುಗುಪ್ಪವನ್ನು ಪಟ್ಟಿಗೆ ಸೇರಿಸುತ್ತೇವೆಂದು ಬರವಣಿಗೆಯಲ್ಲಿ ಕೊಟ್ಟಿದ್ದಾರೆ. ಇದೇ ಅಂಚೆಯಲ್ಲಿ ಫಾರಂ ಕಳಿಸಿದ್ದೇನೆ.

ಸುಂಕಪ್ಪನನ್ನು ಹೇಗಾದರೂ ತಡೆ. ಬೇಕಾದರೆ ನಾನೇ ಬಂದು ಅವನ ಕಾಲು ಹಿಡಿಯುತ್ತೇನೆ. ಮೊದಲ ಹೆಸರು ಊರಮ್ಮನದೇ ಆಗಬೇಕು.

ನಿನ್ನ ತಮ್ಮ
ಮರಿಬಸಪ್ಪ


ದೇಶನೂರು
೧೯ ಆಗಸ್ಟ್ ೧೯೭೯

ತಮ್ಮ ಮರಿಬಸಪ್ಪನಿಗೆ ಅಕ್ಕನ ಆಶೀರ್ವಾದ.

ನೀನು ಮಾಡಿದ್ದು ಸಣ್ಣ ಕೆಲಸವಲ್ಲ. ಕೆಲಸದ ವಿಷಯ ಅವ್ವನಿಗೆ ಹೇಳಿಲ್ಲ, ನೀನೂ ಹೇಳಬೇಡ. ನಿನ್ನ ಮೇಲೆ ನನಗೀಗ ಸಿಟ್ಟಿಲ್ಲ. ಇದನ್ನು ಮೊದಲು ಬರೆದುಬಿಡುತ್ತೇನೆ, ಮುಂದಿನದನ್ನು ಓದುವಾಗ ನಿನಗೆ ಬೇಕಾಗುತ್ತದೆ.

ನಿನ್ನ ಕಾಗದ ಬಂದದ್ದು ಅಕ್ಷತೆಯ ಸೋಮವಾರ ಕಳೆದು ಗುರುವಾರ.

ಹೊರಡುವ ಹಿಂದಿನ ದಿನ ಊರಮ್ಮ ಶಾಲೆಗೆ ಬಂದಿದ್ದಳು. ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಬೇಸಿಗೆಯಲ್ಲಿ ನಾನು ಮನೆಮನೆ ತಿರುಗಿದ್ದು ಯಾಕೆಂದು ಅವಳಿಗೆ ಗೊತ್ತಿತ್ತು. ಗಂಗಾಳ ಎಣಿಸುವಾಗ ಹಿಂದೆ ನಿಂತು ಕೇಳಿದ್ದಳಲ್ಲ. "ಇನ್ನಮ್ಯಾಲ ನನ್ನ ಹೆಸರು ಯಾವೂರಾಗ ಬರೀತೀರಿ ಟೀಚರ್?" ಎಂದಳು. ಆದೋನಿ ನಮ್ಮ ರಾಜ್ಯದ ನಕಾಶೆಯಲ್ಲಿಲ್ಲ, ನಿನ್ನ ಫಾರಂ ಅಲ್ಲಿಗೆ ಮುಟ್ಟುವುದಿಲ್ಲ. ಡ್ಯಾಮಿನ ನೀರಿನ ಬಗ್ಗೆ ಕೇಳಿದಾಗ ಹೇಳಿದ ಹಾಗೆಯೇ ಗೊತ್ತಿಲ್ಲ ಎಂದೆ. ಈ ಸಲ ಅವಳು ಯಾರನ್ನೂ ಕೇಳಲು ಓಡಲಿಲ್ಲ. ಆ ಟ್ರಂಕಿನಲ್ಲೇ ಸೀರೆ ಇಟ್ಟು ಕಳಿಸಿದರು.

ನಿನ್ನ ಹೊಸ ಫಾರಂ ಹಿಡಿದು ಮತ್ತೆ ಎಲ್ಲ ಮನೆಗೂ ಹೋದೆ. ಹುಡುಗಿಯರು ಬೇಕಾದಷ್ಟು ಸಿಕ್ಕಿದ್ದಾರೆ. ಸಿರುಗುಪ್ಪಕ್ಕೆ ಹಾಸ್ಟೆಲ್ ಬಂದೇ ಬರುತ್ತದೆ, ಬರಬೇಕು. ಹೊನ್ನೂರಮ್ಮ ಎಂಬ ಹುಡುಗಿಯ ಅಪ್ಪನನ್ನು ಆಗಲೇ ಹಿಡಿದು ಕೂರಿಸಿ ಮಾತಾಡಿದ್ದೇನೆ. ಆದರೆ ಬರುತ್ತದೆ ಎಂದು ಹೇಳಲಿಲ್ಲ. ಬಂದರೆ ಎಂದೆ.

ಸುಂಕಪ್ಪನ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಗಂಡು ಎರಡು, ಹೆಣ್ಣು ಇಲ್ಲ ಎಂದು ಹೋದ ವರ್ಷ ಬರೆದೆವಲ್ಲ, ನಾವು ತಿದ್ದುವಷ್ಟರಲ್ಲಿ ಅದೇ ನಿಜವಾಗಿದೆ. ಆ ಮನೆಯ ಮಟ್ಟಿಗೆ ನಿನ್ನ ಅಚ್ಚಾದ ಪುಸ್ತಕದಲ್ಲಿ ಈಗ ತಪ್ಪಿಲ್ಲ.

ಆದರೂ ಫಾರಂನಲ್ಲಿ ಇರುವಂತೆ ಕೇಳಲೇಬೇಕಲ್ಲ, ಕೇಳಿದೆ. ದೊಡ್ಡಬಸಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಿನ್ನೆ ರಾತ್ರಿ ಎಷ್ಟು ಗಂಗಾಳ ಇಟ್ಟಿ ಎಂದೆ. ಕೈ ನಿಲ್ಲಿಸದೆ, "ಐದು" ಎಂದಳು. ಮಗಳು ಮನೆಯಲ್ಲಿದ್ದಾಗ ಲೆಕ್ಕಕ್ಕೆ ಬರುವುದಿಲ್ಲ ಎಂದಿದ್ದವಳು. ಆಮೇಲೆ ಅವಳೇ ಹಿಂತಿರುಗಿ, ಗೋಡೆಗೆ ಒರಗಿಸಿಟ್ಟಿದ್ದ ಗಂಗಾಳಗಳನ್ನು ನೋಡಿದಳು. ಹಿಟ್ಟಿನ ಕೈ ಹಾಗೆಯೇ ನಿಂತಿತು. ರೊಟ್ಟಿ ಹಂಚಿನ ಮೇಲೆ ಕರಕಲಾಯಿತು, ಇಬ್ಬರೂ ತೆಗೆಯಲಿಲ್ಲ.

ನಾಲ್ಕು ಎಂದು ಬರೆದಿದ್ದೇನೆ. ಈ ಸಲ ಹೇಳಿದ್ದನ್ನು ಹೇಳಿದ ಹಾಗೆ ಬರೆಯಲಿಲ್ಲ.

ಕೊಟ್ರಬಸಮ್ಮ